ಚುಕ್ಕಿ ಇಟ್ಟರೆ ಗುರಿ ಸಿಗುತ್ತದೆಯೇ? ರೆಡ್ ಡಾಟ್ ಸೈಟ್: ತಪ್ಪು ಕಲ್ಪನೆ ಮತ್ತು ಸತ್ಯ

ಸಿನಿಮಾದಲ್ಲಿ ಖಳನಾಯಕನ ಎದೆಯ ಮೇಲೆ ಕೆಂಪು ಚುಕ್ಕಿ ಹರಿದಾಡಿತೆಂದರೆ ಅವನ ಕತೆ ಮುಗಿಯಿತೆಂದೇ ಲೆಕ್ಕ. ಇಂಥ ದೃಶ್ಯಗಳನ್ನು ನೋಡಿ ಬೆಳೆದವರು ಮೊದಲ ಸಲ ರೈಫಲ್‌ಗೆ ರೆಡ್ ಡಾಟ್ ಸೈಟ್ ಕೂರಿಸಿಕೊಂಡಾಗ ಅದರಿಂದ ಪವಾಡವನ್ನೇ ನಿರೀಕ್ಷಿಸುತ್ತಾರೆ. ಗುಂಡು ಬೇರೆಲ್ಲೋ ಬಿದ್ದಾಗ ಸೈಟನ್ನು ಬೈಯುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ತಪ್ಪು ಸೈಟ್‌ನದಲ್ಲ, ಅದರ ಬಗ್ಗೆ ನಾವು ಇಟ್ಟುಕೊಂಡ ನಂಬಿಕೆಯದು. ಪರವಾನಗಿ ಹೊಂದಿದ ಕೋವಿಯವರಿಗೂ ರೈಫಲ್ ಕ್ಲಬ್ಬುಗಳ ಹೊಸಬರಿಗೂ ಉಪಯೋಗವಾಗಲೆಂದು ಅಂಥ ಎಂಟು ನಂಬಿಕೆಗಳನ್ನು ಇಲ್ಲಿ ಒರೆಗೆ ಹಚ್ಚಲಾಗಿದೆ.

ತಪ್ಪು ಕಲ್ಪನೆ 1: ರೆಡ್ ಡಾಟ್ ಎಂದರೆ ಲೇಸರ್, ಚುಕ್ಕಿ ಗುರಿಯ ಮೇಲೆ ಬೀಳುತ್ತದೆ.

ಸತ್ಯ: ಗುರಿಯ ಮೇಲೆ ಏನೂ ಬೀಳುವುದಿಲ್ಲ. ಸೈಟ್‌ನೊಳಗಿನ ಪುಟ್ಟ ಎಲ್‌ಇಡಿಯ ಬೆಳಕು ಮುಂದಿನ ಬಾಗಿದ ಗಾಜಿಗೆ ತಾಗಿ, ಪ್ರತಿಫಲಿಸಿ ಹೊಡೆಯುವವನ ಕಣ್ಣಿಗೆ ಬರುತ್ತದೆ. ಗಾಜಿನ ಮೇಲಿನ ತೆಳು ಲೇಪ ಆ ಕೆಂಪು ಬಣ್ಣವನ್ನಷ್ಟೇ ಹಿಂದಿರುಗಿಸಿ ಉಳಿದ ಬೆಳಕನ್ನು ಒಳಗೆ ಬಿಡುತ್ತದೆ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ಒಳಗಿನ ದೀಪವೂ ಹೊರಗಿನ ಊರೂ ಒಟ್ಟಿಗೇ ಕಾಣುವ ಹಾಗೆ ಇದು. ಆ ಲೇಪದಿಂದಾಗಿಯೇ ಹಲವು ಸೈಟ್‌ಗಳ ಗಾಜು ತುಸು ನೀಲಿಯಾಗಿ ಕಾಣುತ್ತದೆ.

ಈ ಉಪಾಯ ಹೊಸದೇನೂ ಅಲ್ಲ. ಡಬ್ಲಿನ್ನಿನ ದೂರದರ್ಶಕ ತಯಾರಕ ಹೊವಾರ್ಡ್ ಗ್ರಬ್ 1900ರಲ್ಲೇ ಪ್ರತಿಫಲನದ ಸೈಟ್‌ಗೆ ಪೇಟೆಂಟ್ ಪಡೆದಿದ್ದ. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ಯುದ್ಧವಿಮಾನಗಳಲ್ಲಿ ಮಾಮೂಲಾಗಿತ್ತು. ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ಚುಕ್ಕಿಯನ್ನು ರೈಫಲ್ ಮೇಲೆ ತಂದು ಮಾರುಕಟ್ಟೆಗೆ ಬಿಟ್ಟದ್ದು ಸ್ವೀಡನ್ನಿನ ಏಮ್‌ಪಾಯಿಂಟ್, 1975ರಲ್ಲಿ.

ತಪ್ಪು ಕಲ್ಪನೆ 2: ರೆಡ್ ಡಾಟ್‌ಗಿಂತ ನಿಖರವಾದ ಸೈಟ್ ಇಲ್ಲ.

ಸತ್ಯ: ರೆಡ್ ಡಾಟ್‌ನ ಹೆಚ್ಚುಗಾರಿಕೆ ವೇಗದಲ್ಲಿದೆ. ಹಿಂದಿನ ಸೈಟ್, ಮುಂದಿನ ಸೈಟ್, ಗುರಿ, ಈ ಮೂರನ್ನೂ ಒಂದೇ ಸಾಲಿಗೆ ತರುವ ಕೆಲಸ ಇಲ್ಲಿಲ್ಲ. ಚುಕ್ಕಿಯನ್ನು ಗುರಿಯ ಮೇಲಿಟ್ಟರೆ ಆಯಿತು. ನಿಖರತೆಯ ಮಾತು ಬೇರೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕಿಯ ಅಗಲ ಬರೀ ಅರ್ಧ ಮಿಲಿಮೀಟರ್. ಅಷ್ಟೇ ದೂರದಲ್ಲಿ ಸಾಮಾನ್ಯ ರೆಡ್ ಡಾಟ್‌ನ ಚುಕ್ಕಿ ಸುಮಾರು 6 ಮಿಲಿಮೀಟರ್ ಜಾಗವನ್ನು ಮುಚ್ಚುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಪಡೆದದ್ದು ಸಣ್ಣ ರಂಧ್ರದ ಮೂಲಕ ನೋಡುವ ಸೈಟ್‌ನಿಂದ. ಒಲಿಂಪಿಕ್ ರೈಫಲ್ ಗುರಿ ಅಭ್ಯಾಸ ಮಾಡುವವರಿಗೆ ರೆಡ್ ಡಾಟ್ ಬೇಕಾಗಿಯೇ ಇಲ್ಲ.

ತಪ್ಪು ಕಲ್ಪನೆ 3: ಚುಕ್ಕಿ ದೊಡ್ಡದಿದ್ದಷ್ಟೂ, ಪ್ರಕಾಶ ಹೆಚ್ಚಿದ್ದಷ್ಟೂ ಒಳ್ಳೆಯದು.

ಸತ್ಯ: ಚುಕ್ಕಿಯ ಗಾತ್ರವನ್ನು ಎಂಒಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. ಒಂದು ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. 100 ಮೀಟರ್ ದೂರದಲ್ಲಿ ಅದು ಸುಮಾರು 2.9 ಸೆಂಟಿಮೀಟರ್. ಹಾಗಾಗಿ 2 ಎಂಒಎ ಚುಕ್ಕಿ ಅಲ್ಲಿ ಸುಮಾರು 6 ಸೆಂಟಿಮೀಟರ್ ಮುಚ್ಚಿದರೆ, 6 ಎಂಒಎ ಚುಕ್ಕಿ 17 ಸೆಂಟಿಮೀಟರ್‌ಗೂ ಹೆಚ್ಚು ಮುಚ್ಚುತ್ತದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವಲ್ಲ, ಆ ಸುಲಿದ ಕಾಯಿಯನ್ನು ನೂರು ಮೀಟರ್ ದೂರದಲ್ಲಿಟ್ಟರೆ 6 ಎಂಒಎ ಚುಕ್ಕಿಯ ಹಿಂದೆ ಕಾಯಿಯೇ ಮಾಯ. ಹತ್ತಿರದ, ವೇಗದ ಹೊಡೆತಕ್ಕೆ ದೊಡ್ಡ ಚುಕ್ಕಿ ಸರಿ. ರೈಫಲ್‌ಗೆ 2 ಎಂಒಎ ಆಸುಪಾಸಿನದು ಬಹುತೇಕ ಎಲ್ಲ ಕೆಲಸಕ್ಕೂ ಸಾಕು.

ಪ್ರಕಾಶ ಅತಿಯಾದರೆ ಚುಕ್ಕಿ ಹರಡಿಕೊಂಡು, ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆಗಿನ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡರೆ ಸಾಕು, ಅದಕ್ಕಿಂತ ಏರಿಸಬಾರದು.

ತಪ್ಪು ಕಲ್ಪನೆ 4: ಚುಕ್ಕಿ ಅಂಕುಡೊಂಕಾಗಿ ಕಂಡರೆ ಸೈಟ್ ಕೆಟ್ಟಿದೆ.

ಸತ್ಯ: ಕೆಡುಕು ಕಣ್ಣಿನದೂ ಇರಬಹುದು. ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಪಾರದರ್ಶಕ ಪಟಲದ ಅಸಮ ಬಾಗು ಇರುವವರಿಗೆ ದುಂಡು ಚುಕ್ಕಿ ಅಲ್ಪವಿರಾಮದಂತೆ, ನಕ್ಷತ್ರದಂತೆ, ಕೆಲವೊಮ್ಮೆ ಎರಡು ಚುಕ್ಕಿಯಾಗಿ ಕಾಣುತ್ತದೆ. ಪರೀಕ್ಷೆ ಸುಲಭ: ಸೈಟ್‌ನ ಹಿಂದೆ ಮೊಬೈಲ್ ಹಿಡಿದು ಚುಕ್ಕಿಯ ಫೋಟೊ ತೆಗೆಯಿರಿ. ಫೋಟೊದಲ್ಲಿ ಅದು ದುಂಡಗಿದ್ದರೆ ಅಂಗಡಿಗೆ ಹೋಗುವ ಬದಲು ಕಣ್ಣಿನ ವೈದ್ಯರಲ್ಲಿಗೆ ಹೋಗುವುದು ಮೇಲು. ಸರಿಯಾದ ಕನ್ನಡಕ ಹಾಕಿದರೆ ಬಹಳ ಮಂದಿಗೆ ಚುಕ್ಕಿ ತಾನಾಗಿ ನೆಟ್ಟಗಾಗುತ್ತದೆ.

ತಪ್ಪು ಕಲ್ಪನೆ 5: ಒಂದು ಕಣ್ಣು ಮುಚ್ಚಿ ಚುಕ್ಕಿಯನ್ನೇ ದಿಟ್ಟಿಸಬೇಕು.

ಸತ್ಯ: ತದ್ವಿರುದ್ಧ. ಎರಡೂ ಕಣ್ಣು ತೆರೆದಿರಬೇಕು, ನೋಟ ಗುರಿಯ ಮೇಲಿರಬೇಕು. ಚುಕ್ಕಿ ತಾನಾಗಿ ಬಂದು ಅದರ ಮೇಲೆ ಕೂರುತ್ತದೆ. ಎರಡು ಕಣ್ಣಿನ ನೋಟವನ್ನು ಮಿದುಳು ಒಂದಾಗಿಸುವುದು ಎಷ್ಟು ಸಹಜವೆಂದರೆ, 1970ರ ನವೆಂಬರ್‌ನಲ್ಲಿ ಉತ್ತರ ವಿಯೆಟ್ನಾಮಿನ ಸೋನ್ ತಾಯ್ ಸೆರೆಶಿಬಿರದ ಮೇಲೆ ದಾಳಿ ಮಾಡಿದ ಅಮೆರಿಕದ ಸೈನಿಕರು ಸಿಂಗಲ್‌ಪಾಯಿಂಟ್ ಎಂಬ ಸೈಟ್ ಬಳಸಿದ್ದರು. ಅದರೊಳಗಿಂದ ಹೊರಗೇನೂ ಕಾಣುತ್ತಿರಲಿಲ್ಲ! ಒಂದು ಕಣ್ಣಿಗೆ ಚುಕ್ಕಿ ಮಾತ್ರ, ಇನ್ನೊಂದಕ್ಕೆ ಗುರಿ ಮಾತ್ರ.

ತಪ್ಪು ಕಲ್ಪನೆ 6: 'ಪ್ಯಾರಲಾಕ್ಸ್ ಇಲ್ಲ' ಎಂದು ಬರೆದಿದ್ದರೆ ಚುಕ್ಕಿ ಗಾಜಿನ ಯಾವ ಮೂಲೆಯಲ್ಲಿದ್ದರೂ ಗುಂಡು ಅಲ್ಲಿಗೇ.

ಸತ್ಯ: ಬಹುಮಟ್ಟಿಗೆ ಹೌದು, ಪೂರ್ತಿಯಾಗಿ ಅಲ್ಲ. ಪ್ಯಾರಲಾಕ್ಸ್ ಎಂದರೆ ಕಣ್ಣು ಸರಿದಾಗ ಚುಕ್ಕಿ ಗುರಿ ಬಿಟ್ಟು ಸರಿದಂತೆ ಕಾಣುವುದು. ಗಾಜಿನಿಂದ ಬರುವ ಬೆಳಕಿನ ಕಿರಣಗಳು ಸಮಾನಾಂತರವಾಗಿರುವುದರಿಂದ ತಲೆ ಅತ್ತಿತ್ತ ಸರಿದರೂ ಚುಕ್ಕಿ ಗುರಿಯ ಮೇಲೇ ಉಳಿಯುತ್ತದೆ; ಅದಕ್ಕೇ ಸ್ಕೋಪ್‌ನಂತೆ ಕಣ್ಣನ್ನು ಒಂದೇ ದೂರದಲ್ಲಿಡುವ ಕಟ್ಟುಪಾಡು ಇದಕ್ಕಿಲ್ಲ. ಆದರೆ ಯಾವ ಗಾಜೂ ಪರಿಪೂರ್ಣವಲ್ಲ. ಅಂಚಿಗೆ ಹೋದಂತೆ ಸಣ್ಣ ವ್ಯತ್ಯಾಸ ಬರುತ್ತದೆ, ಅಗ್ಗದ ಸೈಟ್‌ಗಳಲ್ಲಿ ಹೆಚ್ಚು, ಹತ್ತಿರದ ಗುರಿಗೆ ಇನ್ನೂ ಹೆಚ್ಚು. ರೈಫಲ್ಲನ್ನು ಅಲುಗದಂತೆ ಕೂರಿಸಿ, ಮುಟ್ಟದೆ ತಲೆಯನ್ನಷ್ಟೇ ಸರಿಸಿ ನೋಡಿ. ಚುಕ್ಕಿ ಗುರಿ ಬಿಟ್ಟು ಎಷ್ಟು ಅಲೆಯುತ್ತದೆ ಎಂಬುದೇ ಆ ಸೈಟ್‌ನ ಯೋಗ್ಯತೆ. ಜೀರೋ ಮಾಡುವಾಗಲಂತೂ, ಅಂದರೆ ಚುಕ್ಕಿ ಇಟ್ಟಲ್ಲಿಗೇ ಗುಂಡು ಬೀಳುವಂತೆ ಸೈಟನ್ನು ಹೊಂದಿಸುವಾಗ, ಚುಕ್ಕಿ ಗಾಜಿನ ನಡುವೆಯೇ ಇರಲಿ.

ತಪ್ಪು ಕಲ್ಪನೆ 7: ಲೇಸರ್ ಬೋರ್‌ಸೈಟರ್ ಹಾಕಿ ಹೊಂದಿಸಿದರೆ ಜೀರೋ ಆಯಿತು.

ಸತ್ಯ: ನಳಿಗೆಯ ದಿಕ್ಕನ್ನು ಲೇಸರ್‌ನಿಂದ ತೋರಿಸುವ ಬೋರ್‌ಸೈಟರ್‌ನಿಂದ ಮೊದಲ ಗುಂಡು ಕಾಗದದ ಮೇಲೆ ಬೀಳುತ್ತದೆ, ಅಷ್ಟೇ ಅದರ ಉಪಕಾರ. ಜೀರೋ ಆಗುವುದು ನೀವು ಮುಂದೆ ಬಳಸುವ ತೋಟಾವನ್ನೇ ಹಾಕಿ ಹೊಡೆದಾಗ.

ಮೊದಲು ಕೂರಿಸುವ ಕೆಲಸ. ಕೋವಿ ಖಾಲಿಯಿದೆಯೆಂದು ಎರಡು ಸಲ ನೋಡಿಕೊಳ್ಳಿ. ರೈಫಲ್ ಮೇಲೆ ಸೈಟ್ ಕೂರುವ ಪಟ್ಟಿಯ, ಅಂದರೆ ರೈಲಿನ, ಎಣ್ಣೆ ಒರೆಸಿ, ಸೈಟನ್ನು ಅದಕ್ಕೆ ಹಿಡಿದಿಡುವ ಮೌಂಟನ್ನು ನಳಿಗೆಯ ಬಾಯಿಯ ಕಡೆಗೆ ಒತ್ತಿ ಹಿಡಿದು ಸ್ಕ್ರೂ ಬಿಗಿಯಿರಿ. ಗುಂಡು ಹಾರುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಮೊದಲೇ ಮುಂದಕ್ಕೆ ಒತ್ತಿ ಕೂತ ಮೌಂಟ್‌ಗೆ ಆಮೇಲೆ ಜರುಗಲು ಜಾಗವಿರುವುದಿಲ್ಲ. ತಯಾರಕರು ಹೇಳಿದಷ್ಟೇ ಬಿಗಿ, ಅದಕ್ಕಿಂತ ಹೆಚ್ಚಲ್ಲ. ಸ್ಕ್ರೂ ತಲೆಗೂ ಮೌಂಟ್‌ಗೂ ಸೇರಿಸಿ ಬಣ್ಣದ ಗೆರೆಯೊಂದನ್ನು ಎಳೆದಿಟ್ಟರೆ ಸಡಿಲವಾದದ್ದು ಕಣ್ಣಿಗೇ ಗೊತ್ತಾಗುತ್ತದೆ. ಸ್ಪ್ರಿಂಗ್ ಏರ್ ರೈಫಲ್‌ನವರು ಗಮನಿಸಿ: ಅದು ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ, ಅದನ್ನು ತಾಳುವ ಸೈಟನ್ನೇ ಆರಿಸಿಕೊಳ್ಳಬೇಕು.

ಆಮೇಲೆ ರೇಂಜ್. ಮರಳುಚೀಲದ ಆಸರೆಯಲ್ಲಿ ಮೂರರಿಂದ ಐದು ಈಡು ಹೊಡೆದು, ಗುಂಪಿನ ನಡುಮಧ್ಯ ಎಲ್ಲಿದೆ ನೋಡಿ. ಒಂದೊಂದು ಗುಂಡಿನ ಬೆನ್ನು ಹತ್ತಿ ತಿರುಪು ತಿರುಗಿಸಿದರೆ ಸಂಜೆಯಾದರೂ ಮುಗಿಯದು. ಒಂದು ಕ್ಲಿಕ್ ಅರ್ಧ ಎಂಒಎ ಆಗಿದ್ದರೆ 50 ಮೀಟರ್‌ನಲ್ಲಿ ಗುಂಡು ಸುಮಾರು 7 ಮಿಲಿಮೀಟರ್ ಸರಿಯುತ್ತದೆ. ಗುಂಪು 6 ಸೆಂಟಿಮೀಟರ್ ಎಡಕ್ಕಿದ್ದರೆ ಬಲಕ್ಕೆ ಎಂಟು ಕ್ಲಿಕ್. ಅದೇ 25 ಮೀಟರ್ ಆದರೆ ಹದಿನಾರು. ತಿರುಪಿನ ಮೇಲಿನ ಬಾಣದ ಗುರುತು ಸಾಮಾನ್ಯವಾಗಿ ಗುಂಡು ಬೀಳುವ ಜಾಗ ಸರಿಯುವ ದಿಕ್ಕನ್ನು ಹೇಳುತ್ತದೆ. ಚುಕ್ಕಿ ಅದರ ವಿರುದ್ಧ ದಿಕ್ಕಿಗೆ ಹೋಗುವುದನ್ನು ಕಂಡು ಗಾಬರಿಯಾಗಬೇಡಿ.

ಇನ್ನೊಂದು ಸೂಕ್ಷ್ಮ. ಸೈಟ್ ನಳಿಗೆಯ ಮೇಲೆ ಕೂತಿರುತ್ತದೆ. ಎಆರ್ ಮಾದರಿಯ ರೈಫಲ್‌ನಲ್ಲಿ ಎರಡರ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರ. ಆದ್ದರಿಂದ 5.56 ಮಿ.ಮೀ. ರೈಫಲ್ಲನ್ನು 50 ಮೀಟರ್‌ಗೆ ಜೀರೋ ಮಾಡಿದರೆ 10 ಮೀಟರ್‌ನಲ್ಲಿ ಗುಂಡು ಚುಕ್ಕಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, 100 ಮೀಟರ್‌ನಲ್ಲಿ ತುಸು ಮೇಲೆ, 200ರ ಸುಮಾರಿಗೆ ಮತ್ತೆ ಚುಕ್ಕಿಯ ಹತ್ತಿರ. ಜೀರೋ ಎಂದರೆ ಒಂದು ದೂರಕ್ಕೆ ಮಾಡಿಕೊಂಡ ಒಪ್ಪಂದ. ಎಲ್ಲ ದೂರಕ್ಕೂ ಅದು ಸಲ್ಲದು.

ತಪ್ಪು ಕಲ್ಪನೆ 8: ಒಮ್ಮೆ ಕೂರಿಸಿದರೆ ಮತ್ತೆ ಮುಟ್ಟುವ ಕೆಲಸವಿಲ್ಲ.

ಸತ್ಯ: ಒಳ್ಳೆಯ ರೆಡ್ ಡಾಟ್‌ಗಳಿಗೆ ಒಂದೇ ಬಟನ್ ಬ್ಯಾಟರಿಯಲ್ಲಿ 50,000 ಗಂಟೆಯ ಬಾಳಿಕೆ ಹೇಳುತ್ತಾರೆ. ಅದು ಐದು ವರ್ಷಕ್ಕೂ ಹೆಚ್ಚಾಯಿತು, ನಿಜ. ಆದರೆ ಆ ಲೆಕ್ಕ ಮಧ್ಯಮ ಪ್ರಕಾಶದ್ದು; ಪ್ರಕಾಶ ಏರಿಸಿದರೆ ಆಯುಸ್ಸು ಬಹಳ ಇಳಿಯುತ್ತದೆ. ವರ್ಷಕ್ಕೊಮ್ಮೆ, ಮರೆಯದ ಒಂದು ದಿನ ಬ್ಯಾಟರಿ ಬದಲಿಸುವುದು ಜಾಣತನ. ರೈಫಲ್‌ನ ಐರನ್ ಸೈಟನ್ನು ಕಿತ್ತುಹಾಕದೆ ಆಪತ್ತಿಗಿರಲಿ ಎಂದು ಉಳಿಸಿಕೊಳ್ಳಿ.

ಬಿಸಿಲು, ಚಳಿ, ತೇವಕ್ಕೂ ಸೈಟ್ ಜಗ್ಗಬಹುದು. ಲೇಸರ್ ಮತ್ತು ಹೊಲೊಗ್ರಾಮ್‌ನಿಂದ ಕೆಲಸ ಮಾಡುವ ಇಒಟೆಕ್ ಸೈಟ್‌ಗಳು ಚಳಿ ಹಾಗೂ ತೇವದಲ್ಲಿ ಕೈಕೊಡುತ್ತವೆಂಬುದು ಗೊತ್ತಿದ್ದೂ ಮುಚ್ಚಿಟ್ಟ ಆರೋಪ ಬಂದಾಗ, 2015ರಲ್ಲಿ ಅದರ ಆಗಿನ ಮಾತೃಸಂಸ್ಥೆ ಅಮೆರಿಕದ ಸರ್ಕಾರಕ್ಕೆ 2.56 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಸೈನ್ಯ ಬಳಸುವ ಸೈಟ್‌ನ ಕತೆಯೇ ಹೀಗಿರುವಾಗ, ಮಳೆಗಾಲ ಕಳೆದ ಮೇಲೆ ನಮ್ಮ ಸೈಟನ್ನು ಎರಡು ಗುಂಪು ಹೊಡೆದು ಪರೀಕ್ಷಿಸುವುದರಲ್ಲಿ ನಷ್ಟವೇನಿಲ್ಲ.

ಒಟ್ಟಿನಲ್ಲಿ ರೆಡ್ ಡಾಟ್ ಮಾಡುವುದು ಒಂದೇ ಕೆಲಸ: ನೀವು ಎಲ್ಲಿಗೆ ಗುರಿಯಿಟ್ಟಿದ್ದೀರಿ ಎಂದು ಬೇಗ, ಸ್ಪಷ್ಟವಾಗಿ ತೋರಿಸುತ್ತದೆ. ಉಸಿರು ಹಿಡಿಯುವುದು, ಕೋವಿಯ ಕುದುರೆಯನ್ನು (ಟ್ರಿಗರ್) ಮೆತ್ತಗೆ ಒತ್ತುವುದು, ಗುರಿಯ ಹಿಂದೆ ಏನಿದೆ ಎಂದು ನೋಡುವುದು ನಿಮ್ಮದೇ ಹೊಣೆ. ಕೊಳ್ಳುವಾಗ ಚುಕ್ಕಿಯ ಬಣ್ಣ, ಆಕಾರಗಳಿಗೆ ಮರುಳಾಗದೆ ಜೀರೋ ಬಿಡದ ಸೈಟ್ ಮತ್ತು ಗಟ್ಟಿ ಮೌಂಟ್‌ಗೆ ಹಣ ಹಾಕಿ. ಉಳಿದದ್ದನ್ನು ಅಧಿಕೃತ ರೇಂಜಿನಲ್ಲಿ ತೋಟಾಗಳಿಗೆ ಖರ್ಚು ಮಾಡಿ.