ಸ್ಲೈಡಿನಲ್ಲಿ ಕಂಡ ಶಿಲೀಂಧ್ರ ಕಲ್ಚರಿನಲ್ಲಿ ಏಕೆ ಬೆಳೆಯಲಿಲ್ಲ?

ಉಗುರಿನ ಮಾದರಿಯ ಮೊದಲ ವರದಿಯಲ್ಲಿ ‘ಕೆಒಎಚ್: ಪಾಸಿಟಿವ್’ ಎಂದಿತ್ತು. ಕೆಲವು ವಾರಗಳ ನಂತರ ಬಂದ ವರದಿಯಲ್ಲಿ ‘ಕಲ್ಚರ್: ಬೆಳವಣಿಗೆ ಇಲ್ಲ’ ಎಂದಿದೆ. ಹಾಗಾದರೆ ಮಾತ್ರೆ ನಿಲ್ಲಿಸಬಹುದೇ? ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಈ ಎರಡು ಪರೀಕ್ಷೆಗಳು ಉತ್ತರಿಸುವುದು ಬೇರೆ ಬೇರೆ ಪ್ರಶ್ನೆಗಳಿಗೆ.

ಮೊದಲ ಪ್ರಶ್ನೆ: ಶಿಲೀಂಧ್ರ ಇದೆಯೇ?
ಶಿಲೀಂಧ್ರದ ಎಳೆಗಳು ಮತ್ತು ಬೀಜಕಗಳು ಹೆಚ್ಚಾಗಿ ಬಣ್ಣವಿಲ್ಲದವು. ಕೆಒಎಚ್ ದ್ರಾವಣ ಸುತ್ತಲಿನ ಚರ್ಮ, ಉಗುರಿನ ಕೋಶಗಳನ್ನು ಕರಗಿಸಿ ಅವನ್ನು ಬಯಲಿಗೆ ತರುತ್ತದೆ. ಕ್ಯಾಲ್ಕೋಫ್ಲೋರ್ ವೈಟ್ ಎಂಬ ಬಣ್ಣ ಕೋಶಭಿತ್ತಿಯ ಕೈಟಿನ್‌ಗೆ ಅಂಟಿ, ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ. ಸತ್ತ ಶಿಲೀಂಧ್ರವೂ ಹೀಗೆ ಕಾಣಬಲ್ಲದು.

ಎರಡನೆಯ ಪ್ರಶ್ನೆ: ಅದು ಬೆಳೆಯಬಲ್ಲದೇ?
ಹುರಿದ ಹೆಸರುಕಾಳು ನೋಡಲು ಕಾಳೇ, ನೆನೆಸಿಟ್ಟರೆ ಮೊಳೆಯದು. ಬೀಜಕಗಳೂ ಹಾಗೆಯೇ. ಪ್ರಯೋಗಾಲಯದಲ್ಲಿ ಬಳಸುವ ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಬಣ್ಣದಲ್ಲಿರುವ ಫಿನಾಲ್ ಶಿಲೀಂಧ್ರವನ್ನು ಕೊಲ್ಲುತ್ತದೆ. ಆದ್ದರಿಂದ ಕಲ್ಚರಿಗೆ ಬಣ್ಣ ತಾಗದ ಭಾಗವನ್ನೇ ಬಳಸುತ್ತಾರೆ. ಅದರಲ್ಲಿ ಜೀವಂತ ಶಿಲೀಂಧ್ರ ಇಲ್ಲದಿದ್ದರೆ, ಮಾದರಿ ತೀರಾ ಕಡಿಮೆಯಿದ್ದರೆ ಅಥವಾ ಮೊದಲೇ ಔಷಧ ಹಚ್ಚಿದ್ದರೆ ಏನೂ ಬೆಳೆಯದಿರಬಹುದು.

ಈ ವ್ಯತ್ಯಾಸ ನಾನಿರುವ ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯಲ್ಲೂ ಕಾಣುತ್ತದೆ. ಅಲ್ಲಿನ ಅಜ್ರೇಕರ್ ಹರ್ಬೇರಿಯಂನಲ್ಲಿ ಒಣಗಿಸಿದ ಶಿಲೀಂಧ್ರ ಮಾದರಿಗಳಿವೆ. ರಾಷ್ಟ್ರೀಯ ಶಿಲೀಂಧ್ರ ಕಲ್ಚರ್ ಸಂಗ್ರಹದಲ್ಲಿ ಜೀವಂತ ತಳಿಗಳಿವೆ. ನೋಡಿ ಗುರುತಿಸಲು ಒಂದು, ಬೆಳೆಸಲು ಇನ್ನೊಂದು.

ಕಾಯಬಾರದ ಸಂದರ್ಭ
2021ರಲ್ಲಿ ಕೋವಿಡ್ ನಂತರ ಹಲವರನ್ನು ಕಾಡಿದ ಮ್ಯೂಕರ್‌ಮೈಕೋಸಿಸ್‌ನಲ್ಲಿ (ಕಪ್ಪು ಶಿಲೀಂಧ್ರ ರೋಗ) ಈ ವಿಷಯ ಜೀವನ್ಮರಣದ್ದು. ಇದರ ಎಳೆಗಳು ಬಲು ನಾಜೂಕು. ಅಂಗಾಂಶವನ್ನು ಅರೆದರೆ ಸಾಯುತ್ತವೆ, ಕಲ್ಚರ್ ಹಲವು ಬಾರಿ ನೆಗೆಟಿವ್ ಬರುತ್ತದೆ. ಹಾಗಾಗಿ ವೈದ್ಯರು ರೋಗಲಕ್ಷಣ ಮತ್ತು ಸ್ಲೈಡ್ ನೋಡಿಯೇ ಚಿಕಿತ್ಸೆ ಆರಂಭಿಸುತ್ತಾರೆ.

ನೀವು ಮಾಡಬಹುದಾದದ್ದು
• ಹಚ್ಚಿದ ಮುಲಾಮು, ನುಂಗಿದ ಮಾತ್ರೆಗಳ ಹೆಸರನ್ನು ಮಾದರಿ ಕೊಡುವ ಮೊದಲೇ ತಿಳಿಸಿ.
• ಬಯಾಪ್ಸಿ ತುಣುಕನ್ನು ನೀವೇ ಒಯ್ಯುವುದಾದರೆ, ಕಲ್ಚರಿಗೆ ಬೇರೆ ಡಬ್ಬಿ ಇದೆಯೇ ಎಂದು ಕೇಳಿ. ಫಾರ್ಮಲಿನ್‌ನಲ್ಲಿ ಹಾಕಿದ ತುಣುಕಿನಿಂದ ಶಿಲೀಂಧ್ರ ಬೆಳೆಯುವುದಿಲ್ಲ.
• ಚರ್ಮ, ಉಗುರಿನ ಕಲ್ಚರಿಗೆ ನಾಲ್ಕು ವಾರ ಬೇಕಾಗಬಹುದು. ಎರಡೂ ವರದಿಗಳನ್ನು ಒಟ್ಟಿಗೆ ವೈದ್ಯರಿಗೆ ತೋರಿಸಿ.