‘ಕೆಮ್ಮು ಬಿಡ್ರಿ’ ಅಂದರೆ ಕೆಟ್ಟಿರಿ!

ಸಂತಪುರ: ಔರಾದ–ಬೀದರ್ ಬಸ್ಸಿನಲ್ಲಿ ಯಾರೊಂದಿಗೂ ಹೆಚ್ಚು ಮಾತಾಡದೆ ಕೂತು ಹೋಗುವ ಕೆಲವರು, ಎಲ್ಲ ಊರಿನಂತೆ, ಈ ಕಡೆಗೂ ಇದ್ದಾರೆ. ಹೋಗುವುದು ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರಕ್ಕೆ, ಊರಲ್ಲಿ ಹೇಳುವುದು ‘ಬಜಾರಕ್ಕ ಹೊಂಟೀನಿ’. ಗುಳಿಗೆ ತರುತ್ತಾರೆ, ನುಂಗುತ್ತಾರೆ, ಸರಿ. ಆದರೆ ಕೆಮ್ಮು ಹತ್ತಿದರೆ? ‘ರಾಶಿ ಧೂಳು ಅದ, ಹೋಗ್ತದ ಬಿಡ್ರಿ’ ಅಂತ ಉತ್ತರ ತಯಾರು. ಎಡವಟ್ಟು ಇರುವುದೇ ಈ ‘ಬಿಡ್ರಿ’ಯಲ್ಲಿ.

ಎಚ್.ಐ.ವಿ. ವೈರಸ್ಸು ರಕ್ತದ ಸಿಡಿ4 ಎಂಬ ಬಿಳಿ ಕಣಗಳೊಳಗೆ ಹೊಕ್ಕು, ಅವುಗಳ ವಂಶವಾಹಿಯಲ್ಲೇ ತನ್ನ ಬರಹ ಸೇರಿಸಿಬಿಡುತ್ತದೆ. ಕೆಲವು ಕಣಗಳಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಮಲಗಿರುತ್ತದೆ. ಅದನ್ನು ಎಬ್ಬಿಸುವವರು ಯಾರು? ನಮ್ಮದೇ ದೇಹದ ಕಾವಲುಗಾರರು!

ರೋಗಾಣು ಬಂತೆಂದರೆ ಬಿಳಿ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸಣ್ಣ ಪ್ರೋಟೀನುಗಳನ್ನು ಬಿಡುತ್ತವೆ. ಊರಲ್ಲಿ ಡಂಗುರ ಸಾರಿದ ಹಾಗೆ. ಸೈಟೊಕೈನ್ ಅಂತ ಅವುಗಳ ಹೆಸರು. ಕ್ಷಯ ತಗಲಿದಾಗ ಜೋರಾಗಿ ಬಾರಿಸುವ ಡಂಗುರಗಳಲ್ಲಿ ಟಿ.ಎನ್.ಎಫ್. ಒಂದು. ಅದರ ಸದ್ದಿಗೆ ಕಣದೊಳಗಿನ ಎನ್.ಎಫ್.-ಕಪ್ಪಾ-ಬಿ ಎಂಬ ಪ್ರೋಟೀನು ಎಚ್ಚೆತ್ತು, ರಕ್ಷಣೆಯ ಜೀನುಗಳ ಸ್ವಿಚ್ಚು ಒತ್ತುತ್ತದೆ. ಅಂಥದ್ದೇ ಸ್ವಿಚ್ಚು ವೈರಸ್ಸಿನ ಬರಹದಲ್ಲೂ ಇದೆ. ಅಮೆರಿಕದ ನೇಬಲ್ ಮತ್ತು ಬಾಲ್ಟಿಮೋರ್ 1987ರಲ್ಲಿ ಇದನ್ನು ತೋರಿಸಿದರು. ಪೊಲೀಸರ ಸೀಟಿಗೆ ಕಳ್ಳನೇ ಎದ್ದು ಕೆಲಸ ಶುರು ಮಾಡಿದ ಕಥೆ!

ಎಲ್ಲ ಡಂಗುರವೂ ಕೆಟ್ಟದ್ದಲ್ಲ ಅನ್ನಿ. ಇಂಟರ್‌ಫೆರಾನ್ ವೈರಸ್ಸಿನ ಕೈ ಕಟ್ಟುತ್ತದೆ. 1995ರಲ್ಲಿ ಗ್ಯಾಲೊ ಅವರ ಪ್ರಯೋಗಾಲಯ ಗುರುತಿಸಿದ ರಾಂಟೀಸ್ ಮೊದಲಾದ ಮೂರು ಪ್ರೋಟೀನುಗಳು ವೈರಸ್ಸು ನುಗ್ಗುವ ಬಾಗಿಲಿಗೇ ಅಡ್ಡ ನಿಲ್ಲುತ್ತವೆ. ಹಾಗಾದರೆ ಸೈಟೊಕೈನನ್ನೇ ಸೂಜಿಯಲ್ಲಿ ಕೊಟ್ಟರಾಯಿತಲ್ಲ? ಅದೂ ಆಗಿದೆ. ಇಂಟರ್‌ಲ್ಯೂಕಿನ್-2 ಅನ್ನು ಸಾವಿರಾರು ರೋಗಿಗಳ ಮೇಲೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಹೇಳಿದರು: ಸಿಡಿ4 ಎಣಿಕೆ ಏರಿತು, ಕಾಯಿಲೆ-ಸಾವು ಮಾತ್ರ ಇಳಿಯಲಿಲ್ಲ. ‘ಶಕ್ತಿ ಬರ್ತದ’ ಅಂತ ಡಬ್ಬಿ ಮಾರುವವರು ಈ ಸಂಗತಿ ಯಾಕೆ ಹೇಳ್ತಾರೆ!

ಎ.ಆರ್.ಟಿ. ಗುಳಿಗೆಯ ದಾರಿಯೇ ಬೇರೆ. ಮಲಗಿದ ವೈರಸ್ಸನ್ನು ಅದು ಕೊಲ್ಲುವುದಿಲ್ಲ. ಎದ್ದದ್ದು ಹೊಸ ಕಣಗಳಿಗೆ ಹಬ್ಬದಂತೆ ತಡೆಯುತ್ತದೆ. ಕರ್ನಾಟಕದಲ್ಲಿ 2004ರಿಂದ ಸರ್ಕಾರ ಇದನ್ನು ಪುಕ್ಕಟೆ ಕೊಡುತ್ತಿದೆ. ಹೈದರಾಬಾದಿಗೆ ಕೂಲಿಗೆ ಹೋದವರು ನಡುವೆ ಗುಳಿಗೆ ಬಿಟ್ಟು, ಮೇಲೆ ಕ್ಷಯವೂ ಅಂಟಿಸಿಕೊಂಡರೆ ಎರಡು ರೋಗಗಳೂ ಒಂದನ್ನೊಂದು ಸಾಕುತ್ತವೆ. ಎ.ಆರ್.ಟಿ. ಕೇಂದ್ರದಲ್ಲಿ ಪ್ರತಿ ಸಲ ಕೆಮ್ಮು, ಜ್ವರ, ತೂಕ ಇಳಿತ, ರಾತ್ರಿ ಬೆವರು ಕೇಳುವುದು ಸುಮ್ಮನೆ ಅಲ್ಲ. ಅಲ್ಲಿ ‘ಏನಿಲ್ರಿ’ ಎಂದು ಮುಚ್ಚಿಟ್ಟರೆ ಮೋಸ ಯಾರಿಗೆ? ಕಫ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ.

ಹೆಸರು ಬಯಲಾದೀತೆಂಬ ಅಂಜಿಕೆ ಉಳಿಯಿತು. ರೋಗಿಯ ಒಪ್ಪಿಗೆಯಿಲ್ಲದೆ ಅವರ ಎಚ್.ಐ.ವಿ. ಸ್ಥಿತಿಯನ್ನು ಬಹಿರಂಗಪಡಿಸಬಾರದೆಂದು 2017ರ ಕಾಯ್ದೆ ಹೇಳುತ್ತದೆ. 2018ರ ಸೆಪ್ಟೆಂಬರಿನಿಂದ ಅದು ಸಂತಪುರಕ್ಕೂ ಲಾಗೂ.