ಟೆರೇಸಿನ ಮಲ್ಲಿಗೆ: ಲೆಕ್ಕ ಯಾರ ಪುಸ್ತಕದಲ್ಲಿ?

ಮಾರ್ಚ್, ಎಪ್ರಿಲ್ ಬಂತೆಂದರೆ ನಮ್ಮ ಕರಾವಳಿಯಲ್ಲಿ ಮಲ್ಲಿಗೆಗೂ ಮದುವೆಗೂ ಒಟ್ಟಿಗೆ ಸೀಸನ್. ಗಲ್ಫಿನಲ್ಲಿರುವವರು ರಜೆ ಹಾಕಿ ಊರಿಗೆ ಬರುತ್ತಾರೆ, ಹಾಲ್‌ಗಳು ಬುಕ್ ಆಗುತ್ತವೆ. ಮದರಂಗಿಯ ರಾತ್ರಿ ಮದುವೆ ಮನೆಗೆ ಕಾಲಿಟ್ಟರೆ ಮೊದಲು ಬರುವುದೇ ಮಲ್ಲಿಗೆಯ ಪರಿಮಳ. ಮದುಮಗಳ ತಲೆಗೆ ಮಾತ್ರ ಸಾಕಾಗುವುದಿಲ್ಲ, ಬಂದ ಹೆಂಗಸರಿಗೂ ಒಂದೊಂದು ತುಂಡು ಹೂ ಕೊಡಬೇಕು. ಮದುವೆ ಮುಗಿದ ಮೇಲೆ ಮನೆಯ ಯಜಮಾನರನ್ನು ಕೇಳಿ ನೋಡಿ. ಅಕ್ಕಿ, ಮಾಂಸದ ಲೆಕ್ಕ ಹೇಳಿದ ಹಾಗೆಯೇ ಹೂವಿನ ಲೆಕ್ಕವನ್ನೂ ಹೇಳುತ್ತಾರೆ.

ಇಷ್ಟು ಹೂ ಕೊಳ್ಳುವ ನಾವು ಅದನ್ನು ಮನೆಯಲ್ಲಿ ಯಾಕೆ ಬೆಳೆಯಬಾರದು? ಈ ಪ್ರಶ್ನೆ ನನಗೆ ಹೊಳೆದದ್ದಲ್ಲ, ನನ್ನ ಮನೆಯವಳಿಗೆ ಹೊಳೆದದ್ದು. ಅವಳ ಉಮ್ಮ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಇವಳೂ ಶಾಲೆಗೆ ಹೋಗುವ ಕಾಲದಿಂದ ತಡ್ಪೆ ಮುಂದಿಟ್ಟು ಬೀಡಿ ಕಟ್ಟಿದವಳೇ. ಹೊಗೆಸೊಪ್ಪಿನ ಹುಡಿಗೆ ಕೆಮ್ಮು ಜಾಸ್ತಿಯಾಗಿ ಅದನ್ನು ಬಿಡಬೇಕಾಯಿತು. ಕೈ ಮಾತ್ರ ಸುಮ್ಮನೆ ಕೂರಲಿಲ್ಲ. ಬೀಡಿಗೆ ನೂಲು ಸುತ್ತಿದ ಬೆರಳಿಗೆ ಮಲ್ಲಿಗೆ ಕಟ್ಟುವುದನ್ನು ಹೊಸದಾಗಿ ಕಲಿಸಬೇಕಾ ಮಾರಾಯ್ರೆ? ಎರಡು ದಿನದಲ್ಲಿ ಕಲಿತಳು.

ಮದ್ರಸ ಅಧ್ಯಾಪಕನ ಸಂಬಳ ಎಷ್ಟೆಂದು ಈ ಪುಟ ಓದುವವರಿಗೆ ಹೇಳಬೇಕಾಗಿಲ್ಲ. ಸ್ವಂತ ಜಾಗ ನಮಗಿಲ್ಲ. ಹನ್ನೆರಡು ವರ್ಷದಲ್ಲಿ ಇದು ನನ್ನ ಮೂರನೆಯ ಮದ್ರಸ. ನೆಲದಲ್ಲಿ ಗಿಡ ನೆಟ್ಟರೆ ಬಿಟ್ಟು ಹೋಗಬೇಕು, ಕುಂಡದಲ್ಲಿ ನೆಟ್ಟರೆ ಜೊತೆಗೆ ಬರುತ್ತದೆ. ಕಳೆದ ಸಲ ಮನೆ ಬದಲಾಯಿಸಿದಾಗ ನಮ್ಮ ಸಾಮಾನು ಒಂದು ಟ್ರಿಪ್, ಮಲ್ಲಿಗೆ ಕುಂಡ ಇನ್ನೊಂದು ಟ್ರಿಪ್. ಈಗ ಇಪ್ಪತ್ತೈದು ಕುಂಡ ಉಂಟು.

ಅಟ್ಟೆ, ಚೆಂಡು

ನಾವು ಬೆಳೆಯುವುದು ಉಡುಪಿ ಮಲ್ಲಿಗೆ. ಶಂಕರಪುರ ಮಲ್ಲಿಗೆ ಎಂದರೂ ಅದೇ. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತಮುತ್ತ ಹಿಂದೂ, ಕ್ರೈಸ್ತ ಎಂಬ ಭೇದವಿಲ್ಲದೆ ಮನೆ ಮನೆಯಲ್ಲಿ ಇದನ್ನು ಬೆಳೆದು ಬದುಕು ಕಟ್ಟಿಕೊಂಡವರು ಇದ್ದಾರೆ. ಅಲ್ಲಿಂದ ಹೂ ಮುಂಬೈವರೆಗೂ ಹೋಗುತ್ತದೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಯ ಹಾಗೆ ಇದಕ್ಕೂ ಜಿಐ ಮಾನ್ಯತೆ ಸಿಕ್ಕಿದೆ.

ಇದನ್ನು ಮೊಳದಲ್ಲಿ ಅಳೆಯುವುದಿಲ್ಲ. ಎಂಟುನೂರು ಮೊಗ್ಗು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3,200 ಮೊಗ್ಗು. ದಾರ ಬಳಸುವ ಹಾಗಿಲ್ಲ, ಒಣಗಿದ ಬಾಳೆಯ ನಾರನ್ನು ಒದ್ದೆ ಮಾಡಿ ಅದರಲ್ಲೇ ಕಟ್ಟಬೇಕು. ಕಟ್ಟಿದ್ದನ್ನು ಬಾಳೆ ಎಲೆಯಲ್ಲಿ ಸುತ್ತಿಟ್ಟರೆ ಹೂ ಬಾಡುವುದಿಲ್ಲ.

ದರ ದಿನಕ್ಕೊಂದು. ಹೂ ಜಾಸ್ತಿ ಬಂದ ದಿನ ಅಟ್ಟೆಗೆ ಮುನ್ನೂರು, ನಾನೂರಕ್ಕೆ ಇಳಿದದ್ದೂ ಉಂಟು, ಮದುವೆಗಳ ದಿನ ಸಾವಿರ ದಾಟಿದ್ದೂ ಉಂಟು. ಲೆಕ್ಕ ಸರಿಯಾಗಿ ತಿಳಿದಿರಲಿ. ನಾನೂರರ ದಿನ ಒಂದು ಚೆಂಡಿಗೆ ನೂರು ರೂಪಾಯಿ, ಸಾವಿರದ ಇನ್ನೂರರ ದಿನ ಮುನ್ನೂರು. ನಮ್ಮ ಇಪ್ಪತ್ತೈದು ಕುಂಡದಲ್ಲಿ ಒಳ್ಳೆಯ ದಿನ ಒಂದೂವರೆ ಚೆಂಡು ಸಿಗುತ್ತದೆ, ಮರುದಿನ ಕಾಲು ಚೆಂಡೂ ಆಗಲಿಕ್ಕಿಲ್ಲ. ಜೋರು ಮಳೆಯಲ್ಲಿ ಏನೂ ಇಲ್ಲ. ಮಲ್ಲಿಗೆಯಿಂದ ಲಕ್ಷಾಧಿಪತಿ ಆಗಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮಗಳ ಪಿಯುಸಿ ಫೀಸಿಗೆ, ಬಸ್ ಪಾಸಿಗೆ ಎರಡು ವರ್ಷ ನಾನು ಯಾರ ಹತ್ತಿರವೂ ಸಾಲ ಕೇಳಲಿಲ್ಲ. ಅದು ಹೂವಿನ ದುಡ್ಡು.

ನೆಡುವುದು ಹೇಗೆ?

ಬಿಸಿಲು ಬೇಕು, ದಿನಕ್ಕೆ ಕನಿಷ್ಠ ಆರು ಗಂಟೆ. ತೆಂಗಿನ ಮರದ ನೆರಳಲ್ಲಿ ಇಟ್ಟರೆ ಎಲೆ ಮಾತ್ರ ಬರುತ್ತದೆ. ಕುಂಡ ಹದಿನೈದು ಇಂಚಿನದ್ದಾದರೆ ಒಳ್ಳೆಯದು. ಹಳೆಯ ಪೈಂಟ್ ಡಬ್ಬಿಯೂ ಆಗುತ್ತದೆ, ಅಡಿಯಲ್ಲಿ ನಾಲ್ಕೈದು ತೂತು ಇರಲೇಬೇಕು. ಕೆಂಪು ಮಣ್ಣು, ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ ಸಮ ಪಾಲು, ಮೇಲಿಂದ ಒಂದು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಹುಡಿ. ಬೇರು ಬಂದ ಗಿಡವನ್ನು ನರ್ಸರಿಯಿಂದ ತಂದು ಈಗಲೇ ನೆಡಬಹುದು. ಗೆಲ್ಲು ಕತ್ತರಿಸಿ ನೆಡುವುದಾದರೆ ಮಳೆಗಾಲದ ಶುರುವಿಗೆ ಕಾಯಿರಿ. ಮೊದಲ ವರ್ಷ ಹೂ ಕಡಿಮೆ. ಎರಡನೆಯ ವರ್ಷದಿಂದ ಗಿಡ ಮಾತಾಡಲು ಶುರು ಮಾಡುತ್ತದೆ.

ಕುಂಡವನ್ನು ಟೆರೇಸಿನ ಮಧ್ಯದಲ್ಲಿ ಗುಂಪಾಗಿ ಇಡಬೇಡಿ. ಒದ್ದೆ ಮಣ್ಣಿನ ಕುಂಡಕ್ಕೆ ಒಳ್ಳೆಯ ಭಾರ ಇರುತ್ತದೆ. ಗೋಡೆ ಬರುವ ಕಡೆ ಸಾಲಾಗಿ, ಅಡಿಗೆ ಎರಡೆರಡು ಇಟ್ಟಿಗೆ ಕೊಟ್ಟು ಇಡಿ. ನೀರು ಹರಿದು ಹೋಗಬೇಕು, ಸ್ಲ್ಯಾಬ್ ಸೋರಬಾರದು. ಬಾಡಿಗೆ ಮನೆಯಾದರೆ ಮೊದಲು ಮಾಲಕರನ್ನು ಒಂದು ಮಾತು ಕೇಳಿ. ಹೆಂಚಿನ ಮನೆಯವರಿಗೆ ಅಂಗಳವೇ ಸಾಕು.

ಬೇಸಿಗೆಯಲ್ಲಿ ದಿನಾ ನೀರು ಬೇಕು. ಬಾವಿ ಬತ್ತುವ ಮನೆಗಳಲ್ಲಿ ಇದೇ ದೊಡ್ಡ ತಲೆಬಿಸಿ. ನಾವು ವುಝೂ ಮಾಡಿದ ನೀರು ಚರಂಡಿಗೆ ಹೋಗದ ಹಾಗೆ ಕೆಳಗೆ ಒಂದು ಬಕೆಟ್ ಇಟ್ಟಿದ್ದೇವೆ. ಐದು ಹೊತ್ತಿನ ನೀರು, ಮನೆಯಲ್ಲಿ ನಾಲ್ಕು ಜನ. ಅರ್ಧದಷ್ಟು ಕುಂಡಕ್ಕೆ ಅದೇ ಸಾಕಾಗುತ್ತದೆ. ಕುಂಡದ ಮಣ್ಣಿನ ಮೇಲೆ ತೆಂಗಿನ ಸಿಪ್ಪೆ ಕವುಚಿ ಹಾಕಿದರೆ ತೇವ ಬೇಗ ಆರುವುದಿಲ್ಲ. ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಎರಡೂ ಮಲ್ಲಿಗೆಗೆ ಒಳ್ಳೆಯದು. ಮೀನಿನ ನೀರಿಗೆ ಉಪ್ಪು ಬಿದ್ದಿರಬಾರದು. ಹಾಕಿದ ಮೇಲೆ ಒಂದು ಹಿಡಿ ಮಣ್ಣು ಮುಚ್ಚಿ, ಇಲ್ಲದಿದ್ದರೆ ಬೆಕ್ಕು ಬಂದು ಬುಡ ಕೆದಕುತ್ತದೆ. ನೆಲಗಡಲೆ ಹಿಂಡಿಯನ್ನು ಮೂರು ದಿನ ನೆನೆಸಿ, ಹತ್ತು ಪಾಲು ನೀರು ಸೇರಿಸಿ, ಹದಿನೈದು ದಿನಕ್ಕೊಮ್ಮೆ ಕುಂಡಕ್ಕೆ ಒಂದು ಚೊಂಬು ಕೊಟ್ಟರೆ ಮೊಗ್ಗು ದಪ್ಪ ಬರುತ್ತದೆ.

ಕತ್ತರಿ ಹಾಕಲು ಹೆದರಬೇಡಿ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನಲ್ಲಿ. ಹಳೆಯ ಗೆಲ್ಲು ಉದ್ದಕ್ಕೆ ಬೆಳೆಯುತ್ತಾ ಹೋದರೆ ನೋಡಲು ಚೆಂದ, ಚೆಂಡಿಗೆ ಹೂವಿಲ್ಲ. ನವೆಂಬರ್ ಕೊನೆಗೆ ಗಿಡವನ್ನು ಒಂದೂವರೆ ಅಡಿಗೆ ಸವರಿ, ಗೊಬ್ಬರ ಕೊಟ್ಟರೆ ಮಾರ್ಚ್ ಹೊತ್ತಿಗೆ ಹೂ ಸರಿಯಾಗಿ ಶುರುವಾಗುತ್ತದೆ. ಈಗ ಒಂದು ಸುತ್ತು ಹೂ ಮುಗಿದ ಗೆಲ್ಲುಗಳ ತುದಿಯನ್ನು ಚಿವುಟುತ್ತಾ ಬನ್ನಿ. ಮೊಗ್ಗಿನಲ್ಲಿ ಸಣ್ಣ ತೂತು ಕಂಡರೆ ಒಳಗೆ ಹುಳ ಇದೆ ಎಂದರ್ಥ. ಅಂಥ ಮೊಗ್ಗನ್ನು ಕಿತ್ತು ದೂರ ಹಾಕಿ. ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ಸ್ವಲ್ಪ ಸಾಬೂನು ಕಲಸಿ ಸಂಜೆ ಸಿಂಪಡಿಸಿ. ಮಕ್ಕಳು ಮುಡಿಯುವ ಹೂ ಅದು, ಕಂಡಕಂಡ ವಿಷ ಹೊಡೆಯಬೇಡಿ.

ಮಳೆಗಾಲದ ಬಗ್ಗೆ ಒಂದು ಮಾತು. ನಮ್ಮ ಮೊದಲ ವರ್ಷದ ಹತ್ತು ಗಿಡಗಳಲ್ಲಿ ನಾಲ್ಕು ಸತ್ತದ್ದು ನನ್ನಿಂದ. ಕುಂಡದ ಕೆಳಗೆ ಇಟ್ಟ ಪ್ಲೇಟನ್ನು ಜೂನ್‌ನಲ್ಲಿ ತೆಗೆಯಲು ನನಗೆ ಹೇಳಿದ್ದಳು. ನಾನು ನಾಳೆ, ನಾಡಿದ್ದು ಎಂದೆ. ನೀರು ನಿಂತು ಬುಡ ಕೊಳೆಯಿತು.

ಬೆಳಗ್ಗಿನ ಒಂದೂವರೆ ಗಂಟೆ

ಮಲ್ಲಿಗೆ ಕೊಯ್ಯುವ ಸಮಯ ಬೆಳಗ್ಗೆ. ಪೂರ್ತಿ ಬೆಳೆದು ಬಿಳಿಯಾದ, ಇನ್ನೂ ಅರಳದ ಮೊಗ್ಗನ್ನು ಬಿಸಿಲೇರುವ ಮೊದಲು ಕೊಯ್ಯಬೇಕು. ಅದು ಸಂಜೆಗೆ ಮುಡಿಯಲ್ಲಿ ಅರಳುತ್ತದೆ. ಇವತ್ತು ಬಿಟ್ಟ ಮೊಗ್ಗು ನಾಳೆಗೆ ಆಗುವುದಿಲ್ಲ. ಹೂ ತೆಗೆದುಕೊಳ್ಳುವವರು ಒಂಬತ್ತು ಗಂಟೆಗೆ ಬರುತ್ತಾರೆ, ಅಷ್ಟರಲ್ಲಿ ಕಟ್ಟಿ ಆಗಬೇಕು. ಒಂದು ಚೆಂಡು ಕಟ್ಟಲು ಅವಳಿಗೆ ಒಂದೂವರೆ ಗಂಟೆ.

ಮನೆಯಲ್ಲಿ ಅದೇ ಹೊತ್ತಿಗೆ ಬೇರೆ ಎಷ್ಟು ಕೆಲಸ ಉಂಟು! ಸುಬ್‌ಹಿ ಮುಗಿಸಿ ನಾನು ಮದ್ರಸಕ್ಕೆ ಹೊರಡಬೇಕು, ಮಕ್ಕಳು ಮದ್ರಸಕ್ಕೆ, ಆಮೇಲೆ ಶಾಲೆಗೆ. ಚಹಾ, ನೀರುದೋಸೆ, ಬುತ್ತಿ. ಶುರುವಿಗೆ ಇದೆಲ್ಲ ಮಾಡಿ ಮುಗಿಸಿ ಅವಳೇ ಟೆರೇಸಿಗೆ ಓಡುತ್ತಿದ್ದಳು. 'ನಿನ್ನ ಹೂ ಹೇಗುಂಟು?' ಎಂದು ಕೇಳಿ ನಾನು ಚಹಾ ಕುಡಿಯುತ್ತಿದ್ದೆ. ಈಗ ದೋಸೆ ಹೊಯ್ಯುವುದು ಮಗನ ಕೆಲಸ. ಹೊರಡುವ ಮೊದಲು ಎರಡು ಸಾಲು ಕುಂಡದ ಹೂ ಕೊಯ್ಯುವುದು ನನ್ನ ಕೆಲಸ.

ಈ ಬದಲಾವಣೆ ಸುಮ್ಮನೆ ಆದದ್ದಲ್ಲ. ಎರಡು ವರ್ಷದ ಹಿಂದೆ ನಮ್ಮ ಸಂಬಂಧಿಕರಲ್ಲಿ ಒಂದು ನಿಕಾಹ್. 'ಹೂವಿನ ವಿಷಯ ಬಿಡಿ, ಎರಡು ಚೆಂಡು ನಮ್ಮ ಮನೆಯಿಂದ' ಎಂದು ನಾನು ನಾಲ್ಕು ಜನರ ಎದುರು ಹೇಳಿಬಿಟ್ಟೆ. ಮನೆಯಲ್ಲಿ ಒಂದು ಮಾತು ಕೇಳಲಿಲ್ಲ. ಆ ದಿನ ಅಟ್ಟೆಗೆ ಸಾವಿರದ ಇನ್ನೂರು. ನಮ್ಮಲ್ಲಿ ಸಿಕ್ಕಿದ್ದು ಒಂದೂವರೆ ಚೆಂಡು. ಉಳಿದ ಅರ್ಧ ಚೆಂಡನ್ನು ಅವಳು ಪಕ್ಕದ ಮನೆಯಿಂದ ಕಾಸು ಕೊಟ್ಟು ತಂದು ಸೇರಿಸಿದಳು. ಜಗಳ ಇಲ್ಲ, ಮುಖ ಊದಿಸಿಕೊಂಡದ್ದೂ ಇಲ್ಲ. ಎಲ್ಲರೂ ನನ್ನನ್ನು ಹೊಗಳಿದರು.

ತಿಂಗಳ ಕೊನೆಗೆ ಯಾವುದೋ ಚೀಟಿ ಹುಡುಕುವಾಗ ಅವಳ ಹೂವಿನ ಪುಸ್ತಕ ಕೈಗೆ ಸಿಕ್ಕಿತು. ದಿನಾಂಕ, ಚೆಂಡು, ದರ, ಹಿಂಡಿಯ ಖರ್ಚು ಎಲ್ಲ ಚೆಂದವಾಗಿ ಬರೆದಿಟ್ಟಿದ್ದಳು. ಆ ದಿನದ ಸಾಲಿನಲ್ಲಿ ಹೀಗಿತ್ತು: 'ಉಸ್ತಾದರ ಲೆಕ್ಕ. ಎರಡು ಚೆಂಡು. 600. ಬಾಕಿ.'

ಹೆಣ್ಣಿನ ಸಂಪಾದನೆ ಹೆಣ್ಣಿನದೇ ಹಕ್ಕು, ಅವಳ ಒಪ್ಪಿಗೆ ಇಲ್ಲದೆ ಗಂಡ ಅದಕ್ಕೆ ಕೈ ಹಾಕುವ ಹಾಗಿಲ್ಲ. ಇದನ್ನು ಮಕ್ಕಳಿಗೆ ಕಲಿಸುವವನು ನಾನೇ. ಕಿತಾಬಿನಲ್ಲಿ ಓದುವಾಗ ಸಂಪಾದನೆ ಎಂದರೆ ಏನೋ ದೊಡ್ಡ ಹಣ ಎಂದು ಅನಿಸುತ್ತದೆ. ಬಾಳೆ ನಾರಿನಲ್ಲಿ ಕಟ್ಟಿದ ಹೂ ನೆನಪಿಗೆ ಬರುವುದಿಲ್ಲ. ನೀರು ಹೊತ್ತದ್ದು ಅವಳು, ಕೊಯ್ದದ್ದು, ಕಟ್ಟಿದ್ದು ಅವಳು. ದಾನ ಮಾಡಿದವನು ಮಾತ್ರ ನಾನು! ಆ ಆರುನೂರನ್ನು ಎರಡು ಕಂತಿನಲ್ಲಿ ಕೊಟ್ಟೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಎಣಿಸಿ ತೆಗೆದುಕೊಂಡಳು, 'ಬಾಕಿ' ಎಂಬುದರ ಮೇಲೆ ಒಂದು ಗೆರೆ ಎಳೆದಳು.

ಇದನ್ನು ಬರೆಯಲು ಅವಳ ಒಪ್ಪಿಗೆ ಕೇಳಿದ್ದೇನೆ. 'ಬರೆಯಿರಿ, ನಾಲ್ಕು ಮನೆಯ ಗಂಡಸರು ಓದಲಿ' ಎಂದಳು.

ಹಾಗಾಗಿ ಓದುವ ಗಂಡಸರಿಗೆ ಹೇಳುತ್ತೇನೆ. ನಿಮ್ಮ ಮನೆಯ ಟೆರೇಸ್ ಖಾಲಿ ಬಿದ್ದಿದ್ದರೆ ಈ ವಾರ ಎರಡು ಗಿಡ ತನ್ನಿ, ಇಪ್ಪತ್ತೈದು ಒಟ್ಟಿಗೆ ಬೇಡ. ಎರಡು ಬದುಕಿದರೆ ಮಳೆಗಾಲಕ್ಕೆ ಅದರದ್ದೇ ಗೆಲ್ಲು ನೆಟ್ಟು ಹತ್ತು ಮಾಡಬಹುದು. ಮಣ್ಣು ಹೊರುವುದು, ಕುಂಡ ಮೇಲಕ್ಕೆ ಸಾಗಿಸುವುದು, ಜೂನ್‌ನಲ್ಲಿ ಪ್ಲೇಟ್ ತೆಗೆಯುವುದು ನಿಮ್ಮ ಕೆಲಸ ಎಂದು ಈಗಲೇ ಒಪ್ಪಿಕೊಳ್ಳಿ. ಗಿಡದ ಜೊತೆಗೆ ಇಪ್ಪತ್ತು ರೂಪಾಯಿಯ ಒಂದು ನೋಟ್‌ಪುಸ್ತಕವನ್ನೂ ತಂದು ಮನೆಯಾಕೆಯ ಕೈಗೆ ಕೊಡಿ. ಮೇಲೆ ಅವರ ಹೆಸರನ್ನು ಅವರೇ ಬರೆಯಲಿ.